ಪ್ರವಾಸದಲ್ಲಿ ಸೊಳ್ಳೆ ಕಾಟ: ಹಗಲಿಗೊಂದು ಕಾವಲು, ರಾತ್ರಿಗೊಂದು

ರಾತ್ರಿ ಮಲಗುವ ಮುನ್ನ ಕೋಣೆಯಲ್ಲಿ ಕಾಯಿಲ್ ಹಚ್ಚಿದ್ದಾಯಿತು, ಕಿಟಕಿ ಭದ್ರ ಮಾಡಿದ್ದಾಯಿತು, ಮಕ್ಕಳಿಗೆ ಕತ್ತಿನವರೆಗೂ ಹೊದಿಕೆ ಹೊದಿಸಿದ್ದಾಯಿತು. ಆದರೂ ಊರಿಗೆ ಮರಳಿದ ವಾರದೊಳಗೆ ಮನೆಯಲ್ಲೊಬ್ಬರಿಗೆ ವಿಪರೀತ ಜ್ವರ, ಕಣ್ಣಿನ ಹಿಂದೆ ನೋವು, ಕೀಲುಗಳಲ್ಲಿ ಸೆಳೆತ. ರಕ್ತ ಪರೀಕ್ಷೆ ಮಾಡಿಸಿದರೆ ಡೆಂಗಿ. ‘ಅಷ್ಟೆಲ್ಲ ಜೋಪಾನ ಮಾಡಿದೆವಲ್ಲ’ ಎಂದು ಮನೆಮಂದಿ ಪೇಚಾಡುತ್ತಾರೆ. ಜೋಪಾನವೇನೋ ಮಾಡಿದ್ದರು, ಆದರೆ ಹೊತ್ತು ತಪ್ಪಿತ್ತು. ಡೆಂಗಿ ಹರಡುವ ಸೊಳ್ಳೆ ಹೆಚ್ಚಾಗಿ ಕಚ್ಚುವುದು ಹಗಲಿನಲ್ಲಿ. ಬೆಳಿಗ್ಗೆ ಹೋಂಸ್ಟೇ ಜಗಲಿಯಲ್ಲಿ ಕೂತು ಕಾಫಿ ಕುಡಿಯುವಾಗಲೋ, ಮಧ್ಯಾಹ್ನದ ಮೇಲೆ ತೋಟ ಸುತ್ತುವಾಗಲೋ ಅದು ತನ್ನ ಕೆಲಸ ಮುಗಿಸಿರುತ್ತದೆ.

ಮನೆಯಲ್ಲಿದ್ದಾಗ ಕಿಟಕಿಗೆ ಜಾಲರಿ ಇರುತ್ತದೆ, ಸಂಜೆ ಯಾವ ಬಾಗಿಲು ಮುಚ್ಚಬೇಕೆಂಬುದು ಅಭ್ಯಾಸವಾಗಿರುತ್ತದೆ. ಪ್ರವಾಸದಲ್ಲಿ ಇದ್ಯಾವುದೂ ಕೈಯಲ್ಲಿರುವುದಿಲ್ಲ. ಬಸ್ ನಿಲ್ದಾಣದ ಬೆಂಚು, ದೇವಸ್ಥಾನದ ಸರದಿ, ರೈಲಿನ ಬೋಗಿ, ಸಮುದ್ರ ತೀರ, ಟೆಂಟು ಎಂದು ಗಂಟೆಗೊಮ್ಮೆ ಜಾಗ ಬದಲಾಗುತ್ತದೆ. ಹಾಗಾಗಿ ಕೋಣೆಗಿಂತ ಮೊದಲು ಮೈಗೆ ಕಾವಲು ಬೇಕು. ಯಾವ ಹೊತ್ತಿಗೆ ಯಾವ ಸೊಳ್ಳೆ ಹಾರುತ್ತದೆ ಎಂಬುದು ಗೊತ್ತಿದ್ದರೆ ಈ ಕಾವಲು ಕಷ್ಟವಲ್ಲ.

ಸೊಳ್ಳೆ ನಿಮ್ಮನ್ನು ಹುಡುಕುವುದು ಹೇಗೆ?

ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟು ಬಯಲಾದದ್ದು ನಮ್ಮ ನೆರೆಯಲ್ಲೇ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೇನಾ ವೈದ್ಯ ರೊನಾಲ್ಡ್ ರಾಸ್ ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡರು. ಆ ದಿನವನ್ನೇ ಈಗ ವಿಶ್ವ ಸೊಳ್ಳೆ ದಿನವಾಗಿ ಆಚರಿಸುತ್ತಾರೆ.

ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ. ಮೊಟ್ಟೆ ಬೆಳೆಯಲು ಬೇಕಾದ ಪ್ರೋಟೀನು ಅದಕ್ಕೆ ರಕ್ತದಿಂದ ಸಿಗುತ್ತದೆ. ನಾವು ಉಸಿರಿನಲ್ಲಿ ಬಿಡುವ ಇಂಗಾಲದ ಡೈಆಕ್ಸೈಡಿನ ಜಾಡನ್ನು ಅದು ಹತ್ತಾರು ಮೀಟರ್ ದೂರದಿಂದಲೇ ಹಿಡಿಯುತ್ತದೆ. ಸಮೀಪಕ್ಕೆ ಬಂದಂತೆ ಕಣ್ಣು ಚುರುಕಾಗುತ್ತದೆ. ಇನ್ನೂ ಹತ್ತಿರವಾದಾಗ ಮೈಯ ಬಿಸಿ, ಬೆವರಿನ ತೇವ, ಚರ್ಮದ ವಾಸನೆ ದಾರಿ ತೋರುತ್ತವೆ. ಡೆಂಗಿ ಸೊಳ್ಳೆಗಳನ್ನಿಟ್ಟುಕೊಂಡು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಬಣ್ಣದ ಪಾತ್ರವನ್ನೂ ತೋರಿಸಿತು. ಉಸಿರಿನ ಜಾಡು ಸಿಕ್ಕ ಮೇಲೆ ಆ ಸೊಳ್ಳೆಗಳು ಕೆಂಪು, ಕಿತ್ತಳೆ, ಕಪ್ಪು ಬಣ್ಣಗಳತ್ತ ಹಾರಿದವು. ಬಿಳಿ, ಹಸಿರು ಬಣ್ಣಗಳನ್ನು ಅಷ್ಟಾಗಿ ಲೆಕ್ಕಿಸಲಿಲ್ಲ.

ಮೈಗೆ ಹಚ್ಚುವ ಲೇಪ ಸೊಳ್ಳೆಯನ್ನು ಕೊಲ್ಲುವುದಿಲ್ಲ. ಈ ಜಾಡು ಹಿಡಿಯುವ ಶಕ್ತಿಯನ್ನು ಹತ್ತಿರದಲ್ಲಿ ಗಲಿಬಿಲಿಗೊಳಿಸುತ್ತದೆ, ಅಷ್ಟೆ. ಲೇಪ ತಾಗಿದ ಚರ್ಮದಿಂದ ಅದು ಹಿಂದೆ ಸರಿಯುತ್ತದೆ, ಪಕ್ಕದಲ್ಲೇ ತಾಗದೆ ಉಳಿದ ಜಾಗವಿದ್ದರೆ ಅಲ್ಲಿ ಕೂರುತ್ತದೆ. ಕೈಗೆ ಚೂರು, ಕೆನ್ನೆಗೆ ಚೂರು ಸವರಿ ‘ಕ್ರೀಮು ಕೆಲಸ ಮಾಡಲಿಲ್ಲ’ ಎನ್ನುವವರಿಗೆ ಆಗುವುದು ಇದೇ.

ಮೂರು ಸೊಳ್ಳೆ, ಮೂರು ಚಾಳಿ

ಏಡಿಸ್: ಕಪ್ಪು ಮೈ, ಕಾಲ ಮೇಲೆ ಬಿಳಿ ಪಟ್ಟೆ. ಡೆಂಗಿ, ಚಿಕೂನ್‌ಗುನ್ಯಾ, ಝೀಕಾ ಹರಡುವುದು ಇದು. ಸೂರ್ಯ ಹುಟ್ಟಿದ ನಂತರದ ಒಂದೆರಡು ಗಂಟೆ ಮತ್ತು ಮುಳುಗುವ ಮುಂಚಿನ ಕೆಲವು ಗಂಟೆ ಇದರ ಹಸಿವಿನ ಹೊತ್ತು. ಬಕೆಟ್, ಹಳೆ ಟೈರು, ಎಳನೀರಿನ ಬುರುಡೆ, ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರ್ ಮರಕ್ಕೆ ಕಟ್ಟಿದ ಚಿಪ್ಪು, ಹೀಗೆ ನಿಂತ ತಿಳಿನೀರು ಎಲ್ಲಿದ್ದರೂ ಮೊಟ್ಟೆ ಇಡುತ್ತದೆ. ಸದ್ದಿಲ್ಲದೆ ಬಂದು ಕಾಲಿನ ಹರಡಿಗೆ ಕಚ್ಚುವುದು ಇದರ ಚಾಳಿ. ಅರ್ಧಕ್ಕೆ ಓಡಿಸಿದರೆ ಪಕ್ಕದವರನ್ನು ಕಚ್ಚಿ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಒಂದೇ ಮನೆಯ ಇಬ್ಬರು ಮೂವರಿಗೆ ಒಟ್ಟಿಗೆ ಡೆಂಗಿ ಬರಲು ಇದೂ ಒಂದು ಕಾರಣ.

ಅನಾಫಿಲಿಸ್: ಮಲೇರಿಯಾದ ಸೊಳ್ಳೆ. ಹಿಂಭಾಗ ಮೇಲೆತ್ತಿ ಓರೆಯಾಗಿ ಕೂರುತ್ತದೆ. ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ ಕಚ್ಚುತ್ತದೆ. ಮಲೇರಿಯಾವೆಂದರೆ ಕಾಡಿನ ರೋಗ ಎಂಬ ನಂಬಿಕೆಯಿದೆ. ಆದರೆ ನಮ್ಮ ರಾಜ್ಯದಲ್ಲಿ ಮಂಗಳೂರು ನಗರವೇ ವರ್ಷಗಟ್ಟಲೆ ಈ ಜ್ವರದೊಂದಿಗೆ ಹೋರಾಡಿದೆ. ಕಟ್ಟಡ ಕಾಮಗಾರಿಯಲ್ಲಿ ನಿಲ್ಲುವ ನೀರು, ತಾರಸಿಯ ತೆರೆದ ಟ್ಯಾಂಕು ಅಲ್ಲಿ ಸೊಳ್ಳೆಗೆ ತೊಟ್ಟಿಲಾದವು.

ಕ್ಯೂಲೆಕ್ಸ್: ರಾತ್ರಿ ಕಿವಿಯ ಹತ್ತಿರ ಗುಂಯ್‌ಗುಡುವ, ಎಲ್ಲರಿಗೂ ಪರಿಚಯವಿರುವ ಸೊಳ್ಳೆ. ಇದರಲ್ಲಿ ಚರಂಡಿಯ ಕೊಳಕು ನೀರಲ್ಲಿ ಹುಟ್ಟುವ ಜಾತಿ ಆನೆಕಾಲು ರೋಗ ಹರಡುತ್ತದೆ. ಗದ್ದೆ ನೀರಲ್ಲಿ ಹುಟ್ಟುವ ಜಾತಿಯಿಂದ ಜಪಾನೀಸ್ ಮಿದುಳು ಜ್ವರ ಬರುತ್ತದೆ. ಮಂಡ್ಯ, ಕೋಲಾರ, ಬಳ್ಳಾರಿ ಸೀಮೆಗೆ ಈ ಜ್ವರ ಹೊಸದಲ್ಲ.

ಹೋಗುವ ಊರಿನಲ್ಲಿ ಸೊಳ್ಳೆ ಇದೆಯೇ ಎಂದು ವಿಚಾರಿಸಿದರೆ ಸಾಲದು, ಅಲ್ಲಿ ಯಾವ ಜ್ವರವಿದೆ ಎಂದೂ ಕೇಳಬೇಕು. ಶ್ರೀಲಂಕಾವನ್ನು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಮಲೇರಿಯಾ ಮುಕ್ತ ಎಂದು ಘೋಷಿಸಿತು. ಡೆಂಗಿ ಮಾತ್ರ ಅಲ್ಲಿ ಇಂದಿಗೂ ದೊಡ್ಡ ತಲೆನೋವು. ಅಲ್ಲಿಗೆ ಹೋಗುವವರು ರಾತ್ರಿಗಿಂತ ಹಗಲಿಗೆ ಹೆಚ್ಚು ಎಚ್ಚರವಿರಬೇಕು.

ಹೊರಡುವ ಮುನ್ನ

1. ವೈದ್ಯರನ್ನು ಮೊದಲೇ ಕಾಣಿ. ಆಫ್ರಿಕಾದ ಹಲವು ದೇಶಗಳಿಗೆ ಹೋಗುವವರು ಮಲೇರಿಯಾ ತಡೆ ಮಾತ್ರೆ ನುಂಗಬೇಕಾಗುತ್ತದೆ. ಇದನ್ನು ಹೊರಡುವ ಮೊದಲೇ ಆರಂಭಿಸಿ, ಮಾತ್ರೆ ಯಾವುದೆಂಬುದನ್ನು ಅವಲಂಬಿಸಿ ಮರಳಿದ ಮೇಲೂ ಒಂದರಿಂದ ನಾಲ್ಕು ವಾರ ಮುಂದುವರಿಸಬೇಕು. ಪಕ್ಕದ ಮನೆಯವರು ತೆಗೆದುಕೊಂಡ ಮಾತ್ರೆ ನಿಮಗೆ ಒಗ್ಗಬೇಕೆಂದಿಲ್ಲ.

2. ಹಳದಿ ಜ್ವರದ ಲಸಿಕೆ. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಳದಿ ಜ್ವರ ಪೀಡಿತ ದೇಶಗಳಿಂದ ಭಾರತಕ್ಕೆ ಮರಳುವಾಗ ಈ ಲಸಿಕೆಯ ಪ್ರಮಾಣಪತ್ರ ಬೇಕು. ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿಡಬಹುದು. ಲಸಿಕೆ ಹಾಕಿಸಿದ ಹತ್ತು ದಿನಗಳ ನಂತರವಷ್ಟೇ ಪತ್ರ ಊರ್ಜಿತವಾಗುವುದರಿಂದ ಕೊನೆಯ ವಾರದ ಓಡಾಟ ಫಲ ಕೊಡುವುದಿಲ್ಲ.

3. ಬ್ಯಾಗಿಗೆ ಬೇಕಾದದ್ದು. ಒಬ್ಬೊಬ್ಬರಿಗೂ ತಿಳಿಬಣ್ಣದ ತುಂಬುತೋಳಿನ ಒಂದು ಸಡಿಲ ಅಂಗಿ, ಕಾಲುಚೀಲ, ಸೊಳ್ಳೆ ಕ್ರೀಮು, ಮಡಚಿ ಒಯ್ಯಬಹುದಾದ ಸೊಳ್ಳೆ ಪರದೆ, ಪ್ಲಗ್‌ಗೆ ಸಿಕ್ಕಿಸುವ ಸೊಳ್ಳೆ ಮಷಿನ್, ನಾಲ್ಕು ಸೇಫ್ಟಿ ಪಿನ್ನು, ಒಂದಿಷ್ಟು ದಾರ. ಹಗ್ಗ ಕಟ್ಟಲು ಮೊಳೆಯೇ ಇಲ್ಲದ ಕೋಣೆಯಲ್ಲಿ ಪಿನ್ನು ಮತ್ತು ದಾರದ ಬೆಲೆ ತಿಳಿಯುತ್ತದೆ.

4. ವಿಮಾನದಲ್ಲಿ ಹೋಗುವವರು ಕೀಟನಾಶಕದ ಸ್ಪ್ರೇ ಡಬ್ಬಿಯನ್ನು ಮನೆಯಲ್ಲೇ ಬಿಡಿ. ಅಂತರರಾಷ್ಟ್ರೀಯ ವಿಮಾನದ ಕೈಚೀಲದಲ್ಲಿ ಕ್ರೀಮು, ದ್ರವಗಳ ಟ್ಯೂಬು ಅಥವಾ ಬಾಟಲಿ 100 ಮಿ.ಲೀ. ಮೀರುವಂತಿಲ್ಲ.

ಕ್ರೀಮು ಹಚ್ಚುವ ಕ್ರಮ

ಅಂಗಡಿಯಲ್ಲಿ ಹೆಸರಿಗಿಂತ ಲೇಬಲ್ಲಿನ ಹಿಂಬದಿ ಮುಖ್ಯ. ಜಗತ್ತಿನಲ್ಲಿ ಹೆಚ್ಚು ಪರೀಕ್ಷೆಗೊಳಗಾದ ರಾಸಾಯನಿಕ ಡೀಟ್. 1946ರಲ್ಲಿ ಅಮೆರಿಕದ ಸೇನೆಗಾಗಿ ತಯಾರಾದ ಇದು 1957ರಿಂದ ಜನಬಳಕೆಯಲ್ಲಿದೆ. ಪಿಕಾರಿಡಿನ್, ಐಆರ್3535, ನಿಂಬೆ ವಾಸನೆಯ ನೀಲಗಿರಿಯಿಂದ ಪಡೆಯುವ ಪಿಎಂಡಿ ಕೂಡ ಪರೀಕ್ಷೆಯಲ್ಲಿ ಗೆದ್ದಿವೆ. ನಮ್ಮ ಸೈನಿಕರಿಗಾಗಿ ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯ ಡೆಪಾ ಎಂಬ ವಿಕರ್ಷಕವನ್ನು ರೂಪಿಸಿದೆ. ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಉಣುಗು ಕಚ್ಚದಂತೆ ಆರೋಗ್ಯ ಇಲಾಖೆ ಹಂಚುವ ಎಣ್ಣೆಯಲ್ಲಿರುವುದು ಇದೇ. ಬೇಸಿಗೆಯಲ್ಲಿ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಾಡುದಾರಿಯಲ್ಲಿ ಚಾರಣ ಮಾಡುವವರಿಗೆ ಸೊಳ್ಳೆಯ ಜೊತೆಗೆ ಉಣುಗಿನ ಭಯವೂ ಇರುವುದರಿಂದ ಅಲ್ಲಿ ಈ ಎಣ್ಣೆಗೆ ದುಪ್ಪಟ್ಟು ಉಪಯೋಗ.

ಲೇಬಲ್ಲಿನ ಶೇಕಡಾವಾರು ಅಂಕಿ ಕಾವಲಿನ ಬಲವನ್ನಲ್ಲ, ಅವಧಿಯನ್ನು ಹೇಳುತ್ತದೆ. ಶೇ 10ರಷ್ಟು ಡೀಟ್ ಇದ್ದರೆ ಸುಮಾರು ಎರಡು ಗಂಟೆ, ಶೇ 24ರ ಆಸುಪಾಸಿನಲ್ಲಿದ್ದರೆ ಸುಮಾರು ಐದು ಗಂಟೆ ರಕ್ಷಣೆ ಸಿಗುತ್ತದೆ. ಶೇ 50 ದಾಟಿದ ಮೇಲೆ ಹೆಚ್ಚಿನ ಲಾಭವಿಲ್ಲ. ಬೆವರು, ಮಳೆ, ಈಜು ಈ ಅವಧಿಯನ್ನು ಮೊಟಕು ಮಾಡುತ್ತವೆ.

1. ಸನ್‌ಸ್ಕ್ರೀನ್ ಹಚ್ಚುವುದಾದರೆ ಅದು ಮೊದಲು. ಅದು ಚರ್ಮಕ್ಕೆ ಇಳಿದ ಮೇಲೆ ಸೊಳ್ಳೆ ಕ್ರೀಮು.

2. ಬಟ್ಟೆ ಮುಚ್ಚದ ಚರ್ಮಕ್ಕಷ್ಟೇ ಹಚ್ಚಿ, ಆದರೆ ಅಲ್ಲಿ ಒಂದಿಂಚೂ ಬಿಡಬೇಡಿ. ಕಿವಿಯ ಹಿಂಭಾಗ, ಕತ್ತು, ಮೊಣಕೈ, ಕಾಲಿನ ಹರಡಿ, ಪಾದದ ಮೇಲ್ಭಾಗ ಮರೆತುಹೋಗುವ ಜಾಗಗಳು. ಸೀರೆ ಉಟ್ಟವರು ಬೆನ್ನು ಮತ್ತು ಸೊಂಟ, ಪಂಚೆ ಎತ್ತಿ ಕಟ್ಟುವವರು ಮೊಣಕಾಲಿನ ಕೆಳಗೆ ಗಮನ ಕೊಡಬೇಕು.

3. ಮುಖಕ್ಕೆ ನೇರವಾಗಿ ಸಿಂಪಡಿಸಬೇಡಿ. ಅಂಗೈಗೆ ಹಾಕಿಕೊಂಡು ಕಣ್ಣು, ತುಟಿ ಬಿಟ್ಟು ಸವರಿ. ಗಾಯ, ತರಚು, ಕಜ್ಜಿ ಇರುವಲ್ಲಿ ಬೇಡ.

4. ಊಟಕ್ಕೆ ಮುಂಚೆ ಕೈ ತೊಳೆಯಿರಿ. ತೊಳೆದ ಮೇಲೆ ಮುಂಗೈಗೆ ಮತ್ತೆ ಹಚ್ಚಿ.

5. ಕಚ್ಚಲು ಶುರುವಾದ ಮೇಲೆ ಹುಡುಕಾಡುವ ಬದಲು ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ. ರಾತ್ರಿಯಿಡೀ ಗದ್ದೆ ಬಯಲಿನಲ್ಲಿ ಕೂತು ಯಕ್ಷಗಾನ ನೋಡುವವರಿಗೆ ಒಮ್ಮೆ ಹಚ್ಚಿದ್ದು ಬೆಳಗಿನವರೆಗೆ ಬಾರದು.

6. ಡೀಟ್ ಕೆಲವು ಪ್ಲಾಸ್ಟಿಕ್ಕುಗಳನ್ನು ಕರಗಿಸುತ್ತದೆ. ಕನ್ನಡಕದ ಫ್ರೇಮು, ಗಡಿಯಾರದ ಗಾಜು, ಮೊಬೈಲ್ ಕವರ್ ಮುಟ್ಟುವ ಮುನ್ನ ಕೈ ಒರೆಸಿಕೊಳ್ಳಿ. ಪಿಕಾರಿಡಿನ್‌ಗೆ ಈ ದೋಷವಿಲ್ಲ.

ದಾರಿಯಲ್ಲಿ, ಕೋಣೆಯಲ್ಲಿ

ಬೆಳಿಗ್ಗೆ: ಸ್ನಾನ ಮುಗಿದೊಡನೆ, ತಿಂಡಿಗೆ ಕೂರುವ ಮೊದಲೇ ಮೊದಲ ಸುತ್ತಿನ ಕ್ರೀಮು. ತೋಟದ ನಡುವಿನ ಹೋಂಸ್ಟೇಗಳಲ್ಲಿ ಇದನ್ನು ತಪ್ಪಿಸಲೇಬೇಡಿ.

ದೇವಸ್ಥಾನದಲ್ಲಿ: ಬರಿಗಾಲಲ್ಲಿ ಗಂಟೆಗಟ್ಟಲೆ ಸರದಿಯಲ್ಲಿ ನಿಲ್ಲುವುದರಿಂದ ಪಾದಕ್ಕೆ ಮೊದಲು ಹಚ್ಚಿ. ಕರಾವಳಿಯ ಹಲವು ದೇವಸ್ಥಾನಗಳಲ್ಲಿ ಗಂಡಸರು ಅಂಗಿ ತೆಗೆದು ಒಳಹೋಗಬೇಕು. ಸಂಜೆ ಪೂಜೆಗೆ ಹೋಗುವವರು ಬೆನ್ನಿಗೂ ಭುಜಕ್ಕೂ ಹಚ್ಚಿಕೊಂಡೇ ಹೊರಡುವುದು ಒಳ್ಳೆಯದು.

ಬಸ್ಸು, ರೈಲಿನಲ್ಲಿ: ಓಡುವಾಗ ಗಾಳಿಗೆ ಸೊಳ್ಳೆ ನಿಲ್ಲದು. ತೊಂದರೆಯೆಲ್ಲ ನಿಂತಾಗ. ಮುಸ್ಸಂಜೆಯಲ್ಲಿ ರೈಲು ಕ್ರಾಸಿಂಗಿಗೆ ಕಾಯುವಾಗ ಕಿಟಕಿ ಇಳಿಸಿ. ಸೀಟಿನ ಕೆಳಗಿನ ಕತ್ತಲು ಸೊಳ್ಳೆಗೆ ಅಚ್ಚುಮೆಚ್ಚು, ಆದ್ದರಿಂದ ಕಾಲುಚೀಲ ತೆಗೆಯಬೇಡಿ.

ಕೋಣೆಗೆ ಕಾಲಿಟ್ಟ ಕೂಡಲೇ: ಪರದೆಯನ್ನು ಕೊಡವಿ, ಮಂಚದ ಅಡಿ, ಕಪಾಟಿನ ಒಳಗೆ ಇಣುಕಿ. ಏಡಿಸ್ ಸೊಳ್ಳೆ ಇಂಥ ಕತ್ತಲ ಮೂಲೆಗಳಲ್ಲೇ ಹೊಂಚಿ ಕೂರುತ್ತದೆ. ಬಚ್ಚಲಿನ ಬಕೆಟಿನಲ್ಲಿ ನಿಂತ ನೀರನ್ನು ಚೆಲ್ಲಿ, ಬಚ್ಚಲ ಬಾಗಿಲು ಮುಚ್ಚಿಡಿ. ಹೊರಗೆ ಸುತ್ತಾಡಲು ಹೋಗುವ ಮೊದಲೇ, ಅಂದರೆ ಮುಸ್ಸಂಜೆಗೆ ಮುಂಚೆ, ಕಿಟಕಿ ಬಾಗಿಲು ಹಾಕಿ. ಮಲಗುವ ಅರ್ಧ ಗಂಟೆ ಮೊದಲು ಸೊಳ್ಳೆ ಮಷಿನ್ ಹಾಕಿದರೆ ಔಷಧಿ ಕೋಣೆ ತುಂಬಲು ಸಮಯ ಸಿಗುತ್ತದೆ.

ಫ್ಯಾನಿನ ಉಪಯೋಗ: ಸೊಳ್ಳೆ ಹಾರುವ ವೇಗ ಗಂಟೆಗೆ ಸುಮಾರು ಎರಡು ಕಿ.ಮೀ. ಅಷ್ಟೇ. ಫ್ಯಾನಿನ ಗಾಳಿಗೆ ಎದುರಾಗಿ ಬರುವುದು ಅದಕ್ಕೆ ಕಷ್ಟ. ಜೊತೆಗೆ ಗಾಳಿ ನಮ್ಮ ಉಸಿರಿನ ಜಾಡನ್ನೂ ಚದುರಿಸುತ್ತದೆ. ಜಗಲಿಯಲ್ಲಿ ಹರಟೆ ಹೊಡೆಯುವಾಗ ಟೇಬಲ್ ಫ್ಯಾನನ್ನು ಕಾಲಿನ ಕಡೆಗೆ ತಿರುಗಿಸಿಡಿ.

ಸೊಳ್ಳೆ ಪರದೆ: ಕರೆಂಟು ಹೋದರೂ ಕೆಲಸ ಮಾಡುವ ಸಾಧನ ಇದು. ಚದರ ಇಂಚಿಗೆ 156 ಕಣ್ಣುಗಳಿರುವ ಪರದೆ ಸೊಳ್ಳೆಯನ್ನು ತಡೆಯುತ್ತದೆ. ಕೀಟನಾಶಕ ಲೇಪಿಸಿದ ಪರದೆಯಾದರೆ ಸುಮಾರು 20 ಒಗೆತದವರೆಗೆ ಅದರ ಶಕ್ತಿ ಉಳಿಯುತ್ತದೆ. ಬೆಳಕಿರುವಾಗಲೇ ಕಟ್ಟಿ, ಅಂಚನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿ, ತೂತಿದ್ದರೆ ಪಿನ್ನು ಹಾಕಿ. ನಿದ್ದೆಯಲ್ಲಿ ಕೈಕಾಲು ಪರದೆಗೆ ಒತ್ತಿಕೊಂಡರೆ ಹೊರಗಿನಿಂದಲೇ ಕಚ್ಚುತ್ತದೆ, ಹಾಗಾಗಿ ಇಬ್ಬರಿಗೆ ಆಗುವ ಪರದೆಯಲ್ಲಿ ನಾಲ್ವರು ಮಲಗಬೇಡಿ.

ಟೆಂಟಿನಲ್ಲಿ: ಒಳಹೋದ ತಕ್ಷಣ ಜಿಪ್ ಎಳೆಯಿರಿ, ಆಮೇಲೆ ಟಾರ್ಚು ಬಿಟ್ಟು ಒಳಗಿರುವುದನ್ನು ಹುಡುಕಿ. ಒಳಗೆ ಕಾಯಿಲ್ ಹಚ್ಚುವುದು ಬೇಡವೇ ಬೇಡ. ಹೊಗೆಗಿಂತ ಬೆಂಕಿಯ ಅಪಾಯ ದೊಡ್ಡದು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಕೈಪಟ್ಟಿ ನಂಬುವುದು. ಮಕ್ಕಳ ಮಣಿಕಟ್ಟಿಗೆ ಕಟ್ಟುವ ವಾಸನೆಯ ಪಟ್ಟಿ ನೋಡಲು ಚೆಂದ. 2002ರಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇಂಥ ಪಟ್ಟಿಗಳಿಂದ ರಕ್ಷಣೆಯೇ ಸಿಗಲಿಲ್ಲ. ಅದೇ ಪರೀಕ್ಷೆಯಲ್ಲಿ ಸಿಟ್ರೊನೆಲ್ಲಾ ಎಣ್ಣೆಯ ಹೆಚ್ಚಿನ ಉತ್ಪನ್ನಗಳು 20 ನಿಮಿಷವೂ ಬಾಳಲಿಲ್ಲ. ಶೇ 23.8ರ ಡೀಟ್ ಲೇಪ ಸರಾಸರಿ 301.5 ನಿಮಿಷ ಕಾಯಿತು.

ಶಬ್ದದಿಂದ ಓಡಿಸುವ ಯಂತ್ರ ಮತ್ತು ಮೊಬೈಲ್ ಆ್ಯಪ್ ಬಳಸುವುದು. ಇಂಥ ಸಾಧನಗಳ ಬಗೆಗಿನ ಹತ್ತು ಕ್ಷೇತ್ರ ಅಧ್ಯಯನಗಳನ್ನು 2007ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ ಒಂದರಲ್ಲೂ ಉಪಯೋಗ ಕಾಣಲಿಲ್ಲ.

ಬೆಳ್ಳುಳ್ಳಿ, ಬಿ ವಿಟಮಿನ್ ಮಾತ್ರೆ ತಿಂದು ಸುಮ್ಮನಿರುವುದು. ತಿಂದದ್ದರ ವಾಸನೆಗೆ ಸೊಳ್ಳೆ ದೂರ ಹೋಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಕುಡಿತ ಮಾತ್ರ ಅದನ್ನು ಕರೆಯುತ್ತದೆ. ಆಫ್ರಿಕಾದ ಬುರ್ಕಿನಾ ಫಾಸೊದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬಿಯರ್ ಕುಡಿದವರ ವಾಸನೆಗೆ ಮಲೇರಿಯಾ ಸೊಳ್ಳೆಗಳು ಹೆಚ್ಚು ಆಕರ್ಷಿತವಾದವು.

ಬೇವಿನ ಎಣ್ಣೆಯೊಂದನ್ನೇ ನೆಚ್ಚುವುದು. ಕೊಬ್ಬರಿ ಎಣ್ಣೆಗೆ ಬೆರೆಸಿ ಹಚ್ಚಿದರೆ ಸ್ವಲ್ಪ ಹೊತ್ತು ತಡೆಯಬಹುದು. ಡೆಂಗಿಯೋ ಮಲೇರಿಯಾವೋ ಇರುವ ಊರಿನಲ್ಲಿ ಇಡೀ ದಿನಕ್ಕೆ ಅದನ್ನು ನಂಬಿ ಹೊರಡುವುದು ಸರಿಯಲ್ಲ.

ಮುಚ್ಚಿದ ಕೋಣೆಯಲ್ಲಿ ಕಾಯಿಲ್ ಉರಿಸುವುದು. ಒಂದು ಕಾಯಿಲ್ ಪೂರ್ತಿ ಉರಿದಾಗ 75ರಿಂದ 137 ಸಿಗರೇಟು ಸುಟ್ಟಷ್ಟು ಸೂಕ್ಷ್ಮ ಕಣಗಳು ಹೊರಬರುತ್ತವೆ ಎಂದು 2003ರ ಅಧ್ಯಯನವೊಂದು ಲೆಕ್ಕ ಹಾಕಿದೆ. ಕಾಯಿಲ್ ಬೇಕಾದರೆ ಗಾಳಿಯಾಡುವ ಜಗಲಿಯಲ್ಲಿ ಹಚ್ಚಿ. ತಯಾರಕರ ವಿಳಾಸ, ರಾಸಾಯನಿಕದ ಹೆಸರು ಯಾವುದೂ ಇಲ್ಲದ ಸೊಳ್ಳೆ ಅಗರಬತ್ತಿಯನ್ನು ಕೊಳ್ಳಲೇಬೇಡಿ.

ಮೈಗಂಟಿದ ಲೆಗ್ಗಿಂಗ್ಸ್ ತೊಟ್ಟು ನಿಶ್ಚಿಂತೆಯಾಗಿರುವುದು. ತೆಳು ಬಟ್ಟೆ ಚರ್ಮಕ್ಕೆ ಅಂಟಿದ್ದರೆ ಸೊಳ್ಳೆಯ ಸೊಂಡಿಲು ಅದರ ಮೂಲಕವೇ ಇಳಿಯುತ್ತದೆ. ಸಡಿಲ ಪೈಜಾಮ ಇದಕ್ಕಿಂತ ಮೇಲು.

ಎಚ್ಚರಿಕೆ

ಎರಡು ತಿಂಗಳೊಳಗಿನ ಹಸುಗೂಸಿಗೆ ಯಾವ ಕ್ರೀಮೂ ಬೇಡ. ತೊಟ್ಟಿಲು, ತಳ್ಳುಗಾಡಿಯ ಮೇಲೆ ಪರದೆ ಮುಚ್ಚಿದರೆ ಸಾಕು. ಪಿಎಂಡಿ ಇರುವ ಲೇಪ ಮೂರು ವರ್ಷದೊಳಗಿನವರಿಗೆ ಸಲ್ಲದು. ಸಣ್ಣ ಮಕ್ಕಳಿಗೆ ದೊಡ್ಡವರೇ ಹಚ್ಚಬೇಕು. ಬೆರಳು ಬಾಯಿಗೆ ಹೋಗುವುದರಿಂದ ಮಗುವಿನ ಅಂಗೈ, ಬೆರಳುಗಳನ್ನು ಬಿಟ್ಟುಬಿಡಿ. ಮಲಗಿಸುವ ಮೊದಲು ಸೋಪು ಹಾಕಿ ತೊಳೆಯಿರಿ.

ಗರ್ಭಿಣಿಯರ ಉಸಿರಾಟ ಹೆಚ್ಚು, ಮೈ ಬಿಸಿಯೂ ತುಸು ಹೆಚ್ಚು. ಆಫ್ರಿಕಾದ ಗ್ಯಾಂಬಿಯಾದಲ್ಲಿ ನಡೆದ ಅಧ್ಯಯನದಲ್ಲಿ ಅವರತ್ತ ಬಂದ ಸೊಳ್ಳೆಗಳ ಸಂಖ್ಯೆ ಇತರ ಹೆಂಗಸರಿಗಿಂತ ಸುಮಾರು ಎರಡು ಪಟ್ಟು ಇತ್ತು. ಮಲೇರಿಯಾ, ಝೀಕಾ ಇರುವ ಊರಿಗೆ ಅವರು ವೈದ್ಯರನ್ನು ಕೇಳದೆ ಹೊರಡಬಾರದು. ಡೀಟ್ ಅನ್ನು ಲೇಬಲ್ಲಿನಲ್ಲಿ ಹೇಳಿದಂತೆ ಅವರೂ ಬಳಸಬಹುದು.

ಬಟ್ಟೆಗೆ ಹಾಕುವ ಪರ್ಮೆಥ್ರಿನ್ ದ್ರಾವಣವನ್ನು ಮೈಗೆ ಹಚ್ಚಬೇಡಿ. ಅದು ಬಟ್ಟೆಗೆ, ಟೆಂಟಿಗೆ ಮಾತ್ರ. ಅದ್ದಿದ ಬಟ್ಟೆ ಪೂರ್ತಿ ಒಣಗುವವರೆಗೆ ಮನೆಯ ಬೆಕ್ಕು ಅದರ ಹತ್ತಿರ ಸುಳಿಯದಿರಲಿ. ಬೆಕ್ಕಿಗೆ ಅದು ವಿಷ.

ಕಚ್ಚಿಯೇಬಿಟ್ಟರೆ

ಕಚ್ಚಿದ ಜಾಗವನ್ನು ಸೋಪು ನೀರಿನಿಂದ ತೊಳೆದು ತಣ್ಣನೆಯ ಬಟ್ಟೆ ಇಡಿ. ಕ್ಯಾಲಮೈನ್ ಲೋಷನ್ ತುರಿಕೆ ತಗ್ಗಿಸುತ್ತದೆ. ಉಗುರಿನಿಂದ ಕೆರೆದರೆ ಕೀವಾಗುವ ಸಂಭವವಿದೆ.

ಕಚ್ಚಿದ್ದೆಲ್ಲ ಕಾಯಿಲೆಯಾಗುವುದಿಲ್ಲ, ಆದರೆ ಜ್ವರ ಬಂದರೆ ಕಾಯುತ್ತ ಕೂರಬೇಡಿ. ಡೆಂಗಿ ಸಾಮಾನ್ಯವಾಗಿ ಕಚ್ಚಿದ ನಾಲ್ಕರಿಂದ ಹತ್ತು ದಿನಗಳಲ್ಲಿ ತಲೆದೋರುತ್ತದೆ. ಮಲೇರಿಯಾಕ್ಕೆ ಒಂದು ವಾರದಿಂದ ಒಂದು ತಿಂಗಳು ಹಿಡಿಯಬಹುದು. ವೈವಾಕ್ಸ್ ಬಗೆಯ ಮಲೇರಿಯಾ ತಿಂಗಳುಗಳ ಮೇಲೆ ಕಾಣಿಸಿಕೊಂಡದ್ದೂ ಉಂಟು. ಅಷ್ಟರಲ್ಲಿ ಪ್ರವಾಸದ ನೆನಪು ಮಾಸಿರುತ್ತದೆ, ವೈದ್ಯರ ಮುಂದೆ ಅದರ ಮಾತೇ ಬರುವುದಿಲ್ಲ. ಡೆಂಗಿಯ ಸಂಶಯವಿದ್ದಾಗ ಆಸ್ಪಿರಿನ್, ಐಬುಪ್ರೊಫೆನ್ ನುಂಗಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ನೀರು ಚೆನ್ನಾಗಿ ಕುಡಿಯಬೇಕು. ಹೊಟ್ಟೆನೋವು, ಎಡೆಬಿಡದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತಿಗೇ ಪರಿಸ್ಥಿತಿ ಬಿಗಡಾಯಿಸಬಹುದು, ಆದ್ದರಿಂದ ‘ಜ್ವರ ಬಿಟ್ಟಿತಲ್ಲ’ ಎಂದು ಮೈಮರೆಯಬೇಡಿ.

ವೈದ್ಯರ ಬಳಿ ಹೋದಾಗ ಯಾವ ಊರಿಗೆ ಹೋಗಿದ್ದಿರಿ, ಯಾವ ದಿನ ಮರಳಿದಿರಿ ಎಂಬುದನ್ನು ಅವರು ಕೇಳುವ ಮೊದಲೇ ಹೇಳಿ. ಯಾವ ಪರೀಕ್ಷೆ ಮಾಡಿಸಬೇಕೆಂಬುದು ಈ ಎರಡು ಮಾತಿನಿಂದಲೇ ಎಷ್ಟೋ ಸಲ ನಿರ್ಧಾರವಾಗುತ್ತದೆ. ಮಲೇರಿಯಾದ ರಕ್ತ ಪರೀಕ್ಷೆ ಮತ್ತು ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿದೆ.